ಗೆರೆ ದಾಟಲು ಬಿಡದ ಕೆಂಪುಟೋಪಿ

ಬೆಳಗಿನ ಐದೂವರೆ. ಸೇನಾ ನೆಲೆಯ ಮುಖ್ಯ ಗೇಟಿನ ಮುಂದೆ ಸಮವಸ್ತ್ರ ತೊಟ್ಟ ಹೆಂಗಸೊಬ್ಬರು ಮೊಣಕಾಲೂರಿ ಕೂತು, ರಸ್ತೆಗೆ ಅಡ್ಡಲಾಗಿ ಬಳಿದ ಬಿಳಿ ಗೆರೆಯನ್ನು ಬ್ರಶ್ಶಿನಿಂದ ಉಜ್ಜುತ್ತಿದ್ದಾರೆ. ಪಕ್ಕದಲ್ಲಿ ಸೋಪು ನೀರಿನ ಬಕೆಟ್, ಗೇಟಿನ ಕಂಬಿಗೆ ನೇತುಹಾಕಿದ ಕೆಂಪು ಟೋಪಿ. ಹಿಂದಿನ ದಿನದ ಟೈರುಗಳ ಕಪ್ಪು ಪೂರ್ತಿ ಬಿಡುವವರೆಗೂ ಅವರು ಮೇಲೇಳುವುದಿಲ್ಲ. "ಗೆರೇನೇ ಕಾಣದಿದ್ರೆ, ಯಾಕೆ ನಿಲ್ಲಿಸಲಿಲ್ಲ ಅಂತ ಯಾರನ್ನ ಕೇಳೋಕಾಗುತ್ತೆ?" ಎನ್ನುತ್ತ ತಲೆಯೆತ್ತುತ್ತಾರೆ. "ನೀವೂ ಸ್ವಲ್ಪ ಹಿಂದೆ ಸರೀರಿ. ಕಾಲು ಗೆರೆ ಮೇಲಿದೆ." ಅವರ ಬಗ್ಗೆ ಬರೆಯಲು ಬಂದ ನಾನು ಹಿಂದೆ ಸರಿಯುತ್ತೇನೆ.

ನೆಲೆಯವರೆಲ್ಲ ಇವರನ್ನು ಕರೆಯುವುದು ಕೆಂಪುಟೋಪಿ ಎಂದೇ. ಇಲ್ಲಿ ಮಿಲಿಟರಿ ಪೊಲೀಸರ ಗುರುತೇ ಆ ಟೋಪಿ. ಸೈನಿಕರಿಗೂ ಪೊಲೀಸರು ಬೇಕಾ ಎಂದು ಹೊರಗಿನವರು ಕೇಳುತ್ತಾರಂತೆ. ಬೇಕು. ಯುದ್ಧಕ್ಕೆ ಹೋಗುವವರೂ ಹೆಲ್ಮೆಟ್ ಮರೆಯುತ್ತಾರೆ, ರಜೆ ಮುಗಿದರೂ ಮನೆಯಲ್ಲೇ ಉಳಿಯುತ್ತಾರೆ, ಕ್ಯಾಂಟೀನಿನ ಸಾಲಿನಲ್ಲಿ ಕೈ ಕೈ ಮಿಲಾಯಿಸುತ್ತಾರೆ. ಅವರನ್ನು ಹಿಡಿದು ನಿಲ್ಲಿಸಿ ಕೇಳುವವರೊಬ್ಬರು ಬೇಕಲ್ಲ. ಹಾಗೆ ಕೇಳಿಸಿಕೊಂಡವರು ಯಾರೂ ಆಮೇಲೆ ಇವರನ್ನು ಊಟಕ್ಕೆ ಕರೆಯುವುದಿಲ್ಲ.

ಆರರಿಂದ ಎಂಟೂವರೆಯೊಳಗೆ ಮುನ್ನೂರ ನಲವತ್ತು ಗಾಡಿಗಳು ಒಳಗೆ ಹೋಗುತ್ತವೆ. ಪ್ರತಿಯೊಂದೂ ಗೆರೆಯ ಹಿಂದೆ ನಿಲ್ಲಬೇಕು. ಗುರುತಿನ ಕಾರ್ಡಿನ ಎರಡೂ ಬದಿ ನೋಡಬೇಕು, ಫೋಟೊಗೂ ಎದುರಿನ ಮುಖಕ್ಕೂ ತಾಳೆಯಾಗಬೇಕು. ಹತ್ತೊಂಬತ್ತು ವರ್ಷ ನಿಂತು ನಿಂತು ಕಾಲಿನ ನರಗಳು ಗಂಟುಗಟ್ಟಿವೆ. ಸಂಜೆ ಗಂಡ ಬಿಸಿನೀರಿನ ಟಬ್ ತಂದಿಡುತ್ತಾರೆ. ಅವರು ಇದೇ ನೆಲೆಯ ಮೆಸ್ಸಿನಲ್ಲಿ ಅಡುಗೆಯವರು. ಕಾರ್ಡು ಮರೆತು ಬಂದ ದಿನ ಅವರನ್ನೂ ಹೆಂಡತಿ ಗೇಟಿನಿಂದ ವಾಪಸು ಕಳಿಸಿದ್ದುಂಟು. "ಅವತ್ತು ತಿಂಡಿ ಅರ್ಧ ಗಂಟೆ ತಡ ಆಯ್ತು. ತಪ್ಪು ನಂದೇ, ಬೈಸಿಕೊಂಡೋನೂ ನಾನೇ" ಎಂದು ಗಂಡ ನಗುತ್ತಾರೆ. ಅತ್ತೆಯ ದೂರು ಬೇರೆ: "ಮನೇಲೂ ಚಪ್ಪಲಿ ಸಾಲಾಗಿಲ್ಲ ಅಂದ್ರೆ ನನ್ನ ಸೊಸೆ ಸುಮ್ನಿರಲ್ಲ."

ಗೇಟಿನ ಒಳಗೆ ಕಾಲಿಡುತ್ತಲೇ ನೆಲೆಯ ಶಾಲೆ. ಕಳೆದ ತಿಂಗಳು ಒಂದು ಬೆಳಿಗ್ಗೆ ಮಕ್ಕಳು ರಸ್ತೆ ದಾಟುವ ಹೊತ್ತಿಗೆ, ನೆಲೆಯ ದೊಡ್ಡ ಅಧಿಕಾರಿಯೊಬ್ಬರ ಜೀಪು ಗೆರೆಯನ್ನು ಲೆಕ್ಕಕ್ಕೇ ಇಡದೆ ನುಗ್ಗಿತು. ಒಂದು ಮಗುವಿನ ಚೀಲಕ್ಕೆ ತಗುಲಿತು. ಚೀಲ ರಸ್ತೆಗೆ ಬಿತ್ತು, ಮಗು ಉಳಿಯಿತು. ಕೆಂಪುಟೋಪಿ ಸೀಟಿ ಊದಿ ಜೀಪನ್ನು ತಡೆದರು. "ನಿಲ್ಲಿಸಬೇಡ ಅಂದಿದ್ದು ಸಾಹೇಬ್ರು" ಎಂದು ಡ್ರೈವರ್ ಪಿಸುಗುಟ್ಟಿದ. ಹಿಂದೆ ಕೂತಿದ್ದ ಸಾಹೇಬರು ಇಲ್ಲ ಎನ್ನಲಿಲ್ಲ. ಇಂಥ ಕಡೆ ಡ್ರೈವರ್ ಹೆಸರೊಂದನ್ನು ಬರೆದು ಕೈತೊಳೆದುಕೊಳ್ಳುವುದು ರೂಢಿ. ಇವರು ತಪ್ಪುಗಳನ್ನು ದಾಖಲಿಸುವ ರಿಜಿಸ್ಟರಿನಲ್ಲಿ ಇಬ್ಬರ ಹೆಸರನ್ನೂ ಬರೆದರು.

ಅಂದೇ ಮಧ್ಯಾಹ್ನ ಸಾಹೇಬರಿಂದ ಕರೆ ಬಂತು. ಬರೆದದ್ದು ತಪ್ಪೆಂದು ಒಪ್ಪಿಕೊಂಡು ಆ ಪುಟ ಹರಿಯಬೇಕು, ಇಲ್ಲವಾದರೆ ಗೇಟು ಬಿಟ್ಟು ಸ್ಟೋರಿನಲ್ಲಿ ಕಂಬಳಿ ಎಣಿಸಬೇಕು. "ನೀನೇನು ಯಾವತ್ತೂ ತಪ್ಪೇ ಮಾಡಿಲ್ವಾ?" ಎಂದು ಸಾಹೇಬರು ಗದರಿದರು. ಕೆಂಪುಟೋಪಿ ರಿಜಿಸ್ಟರಿನ ಹಳೆಯ ಪುಟವೊಂದನ್ನು ತೆರೆದು ಮೇಜಿನ ಮೇಲಿಟ್ಟರು. ಸ್ಕೂಟರ್, ಹೆಲ್ಮೆಟ್ ಇಲ್ಲ, ಕ್ವಾರ್ಟರ್ಸಿನಿಂದ ಔಷಧಿ ಅಂಗಡಿಗೆ. ಸವಾರರ ಜಾಗದಲ್ಲಿ ಅವರದೇ ಕೈಬರಹದಲ್ಲಿ ಅವರದೇ ಹೆಸರು. ಅತ್ತೆಗೆ ಜ್ವರ ಏರಿದ ಗಡಿಬಿಡಿಯಲ್ಲಿ ಆದದ್ದು. ನೋಡಿದವರು ಯಾರೂ ಇರಲಿಲ್ಲ. ಏಳು ದಿನ ಪರೇಡ್ ಮೈದಾನ ಗುಡಿಸುವ ಶಿಕ್ಷೆಯಾಗಿತ್ತು, ಇಡೀ ನೆಲೆ ನೋಡಿ ನಕ್ಕಿತ್ತು.

"ಮಾಡಿದೀನಿ ಸರ್, ಬರೆದೂ ಇದೀನಿ ಅಂದೆ. ನಂದನ್ನೇ ಹರೀಲಿಲ್ಲ, ನಿಮ್ಮದನ್ನ ಹೇಗೆ ಹರೀಲಿ ಅಂದೆ." ಇದನ್ನು ಅವರು ಬಕೆಟ್ಟಿನ ನೀರು ಚೆಲ್ಲುತ್ತ ಹೇಳುತ್ತಾರೆ. ಕೇಳುತ್ತಿದ್ದ ನನಗೆ ಸಿಟ್ಟು ಬರುತ್ತದೆ. ಏಕೆಂದರೆ ವರ್ಗಾವಣೆಯ ಆದೇಶ ಮೊನ್ನೆಯೇ ಬಂದಿದೆ. ಸೋಮವಾರದಿಂದ ಸ್ಟೋರು. ಪುಟ ಮಾತ್ರ ಇದ್ದಲ್ಲೇ ಇದೆ.

ಏಳೂಮುಕ್ಕಾಲಿಗೆ ಅದೇ ಜೀಪು ಬರುತ್ತದೆ. ಮುಂದಿನ ಚಕ್ರ ಗೆರೆಗೆ ಒಂದು ಗೇಣು ಹಿಂದೆಯೇ ನಿಲ್ಲುತ್ತದೆ. ಸಾಹೇಬರು ಕೈಯಲ್ಲಿದ್ದ ಕಾಗದದಿಂದ ಕಣ್ಣೆತ್ತದೆ ಕಾರ್ಡು ಚಾಚುತ್ತಾರೆ. ಕೆಂಪುಟೋಪಿ ಎರಡೂ ಬದಿ ನೋಡುತ್ತಾರೆ, ಆದರೆ ಹಿಂದಿರುಗಿಸುವುದಿಲ್ಲ. ಜೀಪಿನ ಹಿಂದೆ ಹನ್ನೊಂದು ಗಾಡಿಗಳು ಕಾಯುತ್ತಿವೆ.

"ಮುಖ ತೋರಿಸಿ ಸರ್."

ಸಾಹೇಬರು ಮುಖ ಎತ್ತುತ್ತಾರೆ. ಇವರು ಕಾರ್ಡು ಹಿಂದಿರುಗಿಸಿ, ನೆಟ್ಟಗೆ ನಿಂತು ಸಲ್ಯೂಟ್ ಹೊಡೆದು ಗೇಟು ತೆರೆಯುತ್ತಾರೆ.

ಸೋಮವಾರದ ಚಿಂತೆ ಇಲ್ಲವೇ ಎಂದು ಕೇಳುತ್ತೇನೆ. "ಇದೆ. ನನ್ನ ಜಾಗಕ್ಕೆ ಬರೋರು ದಿನಾ ಗೆರೆ ತೊಳೆದ್ರೆ ಸಾಕು, ನನಗೆ ಬೇರೇನೂ ಬೇಡ" ಎನ್ನುತ್ತಾರೆ. ಆಮೇಲೆ ಟೋಪಿಯನ್ನು ಸರಿಮಾಡಿಕೊಳ್ಳುತ್ತ, "ಸ್ಟೋರಿಗೂ ಒಂದು ಬಾಗಿಲು ಇದ್ದೇ ಇರುತ್ತಲ್ಲ? ಅಲ್ಲೂ ಒಂದು ಗೆರೆ ಎಳೀತೀನಿ."