ಚಾಲು ಎಂದರೆ ಸಾಕು

ನನ್ನ ಮೊಮ್ಮಗಳನ್ನು ಶಾಲೆಯ ಹಾಡಿನ ಗುಂಪಿನಿಂದ ಯಾರೂ ತೆಗೆದುಹಾಕಲಿಲ್ಲ. ಅವಳೇ ಬಿಟ್ಟು ಬಂದಳು. ಮನೆಯವರು ಆ ಶಾಲೆಯನ್ನೂ ಸಂಗೀತದ ಟೀಚರನ್ನೂ ಕೊನೆಗೆ ಈ ಊರನ್ನೂ ಬೈದು ಬಾಯಿ ನೋಯಿಸಿಕೊಂಡದ್ದು ಬರೀ ದಂಡ.

ಭಾಗ್ಯಶ್ರೀ ಆ ಸುಳ್ಳನ್ನು ಹೇಳಿದ್ದು ನಾನು ರೊಟ್ಟಿ ಬಡಿಯುತ್ತಿದ್ದಾಗ, ನನ್ನ ಬೆನ್ನಿಗೆ. ಜೋಳದ ರೊಟ್ಟಿ ಬಡಿಯುವವಳು ನಡುವೆ ತಿರುಗಿ ನೋಡಲಾರಳು, ಕೈ ನಿಂತರೆ ಅಂಚು ಸೀಳುತ್ತದೆ. ಇದು ನಮ್ಮ ಮನೆಯ ಮಕ್ಕಳಿಗೆಲ್ಲ ಗೊತ್ತಿರುವುದರಿಂದ ಕಡಿಮೆ ಬಂದ ಅಂಕ, ಒಡೆದ ಲೋಟ, ಕಳೆದುಹೋದ ಛತ್ರಿ, ಎಲ್ಲವೂ ನನಗೆ ತಿಳಿಯುವುದು ಆ ಹೊತ್ತಿನಲ್ಲೇ.

“ಆಯಿ, ನನ್ನ ಗ್ರೂಪಿನಿಂದ ತಗದ್ರು,” ಎಂದಳು.

ನಾನು ಬಡಿಯುತ್ತಲೇ ಕೇಳಿದೆ: “ಹಂಗಾರ ಓಢಣಿ ವಾಪಸ್ ಕೇಳಲಿಲ್ಲೇನ?”

ವಾರ್ಷಿಕೋತ್ಸವದ ದಿನ ಗುಂಪಿನವರೆಲ್ಲ ಹಾಕಿಕೊಳ್ಳಲೆಂದು ಟೀಚರೇ ಕೋಠಿಯ ಬಜಾರಿನಿಂದ ಹಳದಿ ಓಢಣಿಗಳನ್ನು ತರಿಸಿ ಹಂಚಿದ್ದರು. ನೀವೇ ಹೇಳಿ, ನಿಜವಾಗಿ ತೆಗೆದುಹಾಕಿದ್ದರೆ ಆ ಓಢಣಿ ಇಷ್ಟು ಹೊತ್ತಿಗೆ ಇನ್ನೊಬ್ಬಳ ಹೆಗಲೇರಬೇಕಿತ್ತಲ್ಲವೇ? ಅದು ನಮ್ಮ ಹಗ್ಗದ ಮೇಲೆ ನಿಶ್ಚಿಂತೆಯಿಂದ ಗಾಳಿ ತಿನ್ನುತ್ತಿತ್ತು.

ನಾನು ಮದುವೆಯಾಗಿ ಹೈದರಾಬಾದಿಗೆ ಬಂದವಳು. ಈ ಊರು ನನಗೆ ತವರಿಗಿಂತ ಹಳೆಯದಾಗಿದೆ. ಮಗಳ ಸಂಸಾರ ಬಾಗಲಕೋಟೆಯಿಂದ ಬಂದದ್ದು ಮಾತ್ರ ಈ ಬೇಸಿಗೆಯಲ್ಲಿ, ಅಳಿಯನಿಗೆ ಬಾಲಾನಗರದ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ ಮೇಲೆ. ಭಾಗ್ಯಾ ಒಂಬತ್ತನೇ ತರಗತಿಗೆ ಸೇರಿದಳು. ತೆಲುಗು ಬಾರದು, ಹಿಂದಿ ಅರೆಬರೆ. ಶಾಲೆಯಿಂದ ಬಂದವಳು ಚೀಲ ಎಸೆದು ಗೋಡೆ ನೋಡುತ್ತಾ ಕೂರುತ್ತಿದ್ದಳು. ಹಾಡಿನ ಗುಂಪಿಗೆ ಸೇರಿದ ಮೇಲೆಯೇ ಅವಳಿಗೆ ಈ ಊರಿನಲ್ಲಿ ಬಾಯಿ ಬಂದದ್ದು: ಬಚ್ಚಲಲ್ಲಿ ಹಾಡು, ಮೆಟ್ಟಿಲ ಮೇಲೆ ಹಾಡು, ತಲೆ ಬಾಚುವಾಗ ಹಾಡು. ನನಗೆ ಸಂಗೀತ ತಿಳಿಯದು, ಭಜನೆಯಲ್ಲಿ ಚಪ್ಪಾಳೆ ತಟ್ಟುತ್ತೇನೆ, ಅದೂ ಒಮ್ಮೊಮ್ಮೆ ತಪ್ಪುತ್ತದೆ. ಆದರೆ ಗಲಗಲ ಎನ್ನುವ ಮನೆ ದಿಢೀರನೆ ಸುಮ್ಮನಾದರೆ ತಿಳಿಯಲು ರಾಗಜ್ಞಾನ ಬೇಕಿಲ್ಲ.

ನಾನು ಓದಿದ್ದು ನಾಲ್ಕನೇ ಇಯತ್ತೆ. ನಮ್ಮ ಶಾಲೆಯಲ್ಲಿದ್ದ ಒಂದೇ ವಾದ್ಯ ಗಂಟೆ, ಅದೂ ರೈಲು ಕಂಬಿಯ ತುಂಡು. ಅದು ಮನೆಗೆ ಹೋಗುವ ಹೊತ್ತಿನಲ್ಲಿ ಮಾತ್ರ ಇಂಪಾಗಿರುತ್ತಿತ್ತು. ಈಗಿನ ಶಾಲೆಗಳಲ್ಲಿ ಪ್ರಾರ್ಥನೆಗೊಂದು ಗುಂಪು, ಕವಾಯತಿಗೊಂದು ಬ್ಯಾಂಡು, ಗಿಟಾರಿನವರದೇ ಬೇರೆ ಬಳಗ. ಗಿಟಾರು ಹೊತ್ತ ಹುಡುಗರ ನಡಿಗೆಯನ್ನು ನೋಡಿದ್ದೀರಾ? ಪಲ್ಲಕ್ಕಿ ಹೊತ್ತವರಿಗೂ ಅಷ್ಟು ಗಾಂಭೀರ್ಯ ಇರುವುದಿಲ್ಲ. ಪಾಠದಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ಅಂಕಕ್ಕಾಗಿ ಒಬ್ಬೊಬ್ಬರೇ ಓಡುವ ಆ ವಯಸ್ಸಿನಲ್ಲಿ, ಪಕ್ಕದವಳ ಉಸಿರನ್ನು ಕೇಳಿ ತನ್ನ ಉಸಿರನ್ನು ಎಳೆಯಬೇಕಾದ ಜಾಗ ಬಹುಶಃ ಇದೊಂದೇ ಇರಬೇಕು. ಅದಕ್ಕೇ ಅಲ್ಲಿಂದ ಹೊರಬಿದ್ದ ಮಗು ಅಷ್ಟು ಒಣಗುವುದು.

ಭಾನುವಾರ ಮಧ್ಯಾಹ್ನ ಬಾಗಿಲು ಬಡಿದದ್ದು ನಸೀಮ್, ಗುಂಪಿನಲ್ಲಿ ಭಾಗ್ಯಾಳ ಪಕ್ಕ ನಿಲ್ಲುವ ಹುಡುಗಿ. ಇಬ್ಬರೂ ಹೋಗುವುದು ಒಂದೇ ಶಾಲಾ ಆಟೋದಲ್ಲಿ.

“ದಾದಿ, ಚಾಲು ಘರ್ ಮೇಂ ಹೈ ಕ್ಯಾ?”

ಚಾಲು ಎನ್ನುವವಳು ನಮ್ಮ ಮನೆಯಲ್ಲಿ ಯಾರೂ ಇಲ್ಲ ಎಂದೆ. ಹುಡುಗಿ ನಾಲಿಗೆ ಕಚ್ಚಿಕೊಂಡಳು. ಒಳಗೆ ಕೂರಿಸಿ ಶೇಂಗಾ ಚಿಕ್ಕಿ ಕೊಟ್ಟ ಮೇಲೆ ಕಥೆಯೆಲ್ಲ ಹೊರಬಂತು.

ಅಭ್ಯಾಸದಲ್ಲಿ ಟೀಚರು ಭಾಗ್ಯಾಳನ್ನು ಒಂಟಿಯಾಗಿ ಹಾಡಿಸಿದರಂತೆ. ಚೆನ್ನಾಗಿಯೇ ಹಾಡಿದಳು. ಚರಣ ಮುಗಿದಾಗ ಟೀಚರು ತೆಲುಗಿನಲ್ಲಿ “ಚಾಲು” ಎಂದರು. ತೆಲುಗರ ಚಾಲು ಎಂದರೆ ಸಾಕು. ನಮ್ಮ ಕಡೆ ಚಾಲೂ ಎಂದರೆ ಶುರು. ಮೋಟರು ಚಾಲೂ ಮಾಡುತ್ತೇವೆ, ಫ್ಯಾನು ಚಾಲೂ ಮಾಡುತ್ತೇವೆ. ನಮ್ಮ ಹುಡುಗಿ ಮುಂದಿನ ಚರಣ ಹಿಡಿದಳು. ಟೀಚರು ಕೈಯೆತ್ತಿ, “ಚಾಲಮ್ಮಾ, ಚಾಲು!” ಎಂದರು. ಇವಳು ಇನ್ನೂ ಎತ್ತರಿಸಿದಳು. ಟೀಚರು ಕೂಗಿದಷ್ಟೂ ಇವಳಿಗೆ ಹುರುಪು. ಕೊನೆಗೆ ಗುಂಪೆಲ್ಲ ನೆಲಕ್ಕೆ ಬಿದ್ದು ನಕ್ಕಿತು, ಹಾರ್ಮೋನಿಯಂ ಮೇಲೆ ತಲೆಯಿಟ್ಟು ಟೀಚರೂ ನಕ್ಕರು. ಅಂದಿನಿಂದ ಇವಳ ಹೆಸರು ಚಾಲು. ಹಿಂದಿಯಲ್ಲಿ ಆ ಮಾತಿಗೆ ಮೂರನೆಯ ಅರ್ಥವೂ ಇದೆ: ಕಿಲಾಡಿ, ಹುಡುಗಿಯರಿಗೆ ಹೇಳಬಾರದಂಥ ಕಿಲಾಡಿ. ಗಿಟಾರಿನ ಹುಡುಗರು ಆ ಅರ್ಥವನ್ನೇ ಹಿಡಿದು ವರಾಂಡದಲ್ಲಿ ಕೂಗಿದರು. ಮರುದಿನದಿಂದ ಭಾಗ್ಯಾ ಅಭ್ಯಾಸಕ್ಕೆ ಹೋಗಲಿಲ್ಲ.

“ಸೋಮವಾರವೂ ಬರದಿದ್ದರೆ ಅವಳ ಜಾಗಕ್ಕೆ ಬೇರೆಯವಳನ್ನು ನಿಲ್ಲಿಸುತ್ತೇನೆ ಎಂದಿದ್ದಾರೆ ಟೀಚರ್. ಮೇಲಿನ ಸ್ವರ ನಮ್ಮಲ್ಲಿ ಯಾರಿಗೂ ಹತ್ತುವುದಿಲ್ಲ ದಾದಿ,” ಎಂದು ನಸೀಮ್ ತನ್ನ ಹಿಂದಿಯಲ್ಲಿ ಹೇಳಿ ಹೋದಳು. ಭಾಗ್ಯಾ ಅಷ್ಟು ಹೊತ್ತೂ ಬಚ್ಚಲಿನಿಂದ ಹೊರಗೆ ಬರಲಿಲ್ಲ.

ನನಗೆ ನಗು ತಡೆಯಲಾಗಲಿಲ್ಲ, ಯಾಕೆಂದರೆ ಆ ಚಾಲು ನನಗೆ ಹಳೆಯ ಪರಿಚಯ. ಹೊಸ ಸೊಸೆಯಾಗಿದ್ದಾಗ ಪಕ್ಕದ ಮನೆಯ ಮದುವೆಯಲ್ಲಿ ಅನ್ನ ಬಡಿಸಲು ನಿಂತಿದ್ದೆ. ಯಾರೋ ಹಿರಿಯರು ಮಗ್ಗುಲಿನವರೊಡನೆ ಮಾತಿನಲ್ಲಿ ಮುಳುಗಿ ಚಾಲು ಚಾಲು ಎನ್ನುತ್ತಿದ್ದರು. ಪಾಪ, ಹಸಿದಿದ್ದಾರೆ ಎಂದು ನಾನು ಸುರಿಯುತ್ತಲೇ ಹೋದೆ. ಅವರು ತಿರುಗಿದಾಗ ಎಲೆಯ ಮೇಲೆ ಗುಡ್ಡ. ಪಂಕ್ತಿಯೆಲ್ಲ ನಕ್ಕಿತು. ನಾನು ಬುಟ್ಟಿ ಇಟ್ಟು ಓಡಲಿಲ್ಲ, ಅದೇ ಪಂಕ್ತಿಗೆ ಸಾರು ತಂದೆ. ಮುಂದೆ ಆ ಮನೆಯ ಎಲ್ಲ ಕಾರ್ಯಕ್ಕೂ ಬಡಿಸಲು ನನಗೇ ಕರೆ: ಆ ಕನ್ನಡದವಳ ಕೈ ದೊಡ್ಡದು ಎಂದು.

ಒಂದೇ ಮಾತು, ನೋಡಿ, ನಮ್ಮಲ್ಲಿ ಹಾಡಿನ ಮುಂಬಾಗಿಲು, ಅವರಲ್ಲಿ ಹಿತ್ತಲ ಬಾಗಿಲು. ಮೂರು ಭಾಷೆಯ ಊರಿನಲ್ಲಿ ಬಾಳುವವರು ಯಾವ ಬಾಗಿಲಿನಲ್ಲಾದರೂ ಒಮ್ಮೆ ಹಣೆ ಬಡಿಸಿಕೊಳ್ಳಲೇಬೇಕು. ಇನ್ನು ಅಡ್ಡಹೆಸರು. ಗುಂಪಿನಲ್ಲಿ ಇಲ್ಲದವರಿಗೆ ಯಾರೂ ಹೆಸರಿಡುವುದಿಲ್ಲ. ಹಾದಿಯಲ್ಲಿ ಹೋಗುವವರಿಗೆ ಅಷ್ಟು ಶ್ರಮ ಪಡುವವರು ಯಾರು?

ಸಂಜೆ ಇದನ್ನೆಲ್ಲ ಕೇಳಿದ ಅಳಿಯ ಪ್ಯಾಂಟಿನ ಮೇಲೆ ಬೆಲ್ಟು ಬಿಗಿಯುತ್ತ, “ನಾಳೆ ಪ್ರಿನ್ಸಿಪಾಲರಿಗೆ ಕಂಪ್ಲೇಂಟ್ ಮಾಡ್ತೀನ್ರಿ ಅತ್ತಿ, ಬಿಡೂದಿಲ್ಲ,” ಎಂದರು.

“ಮಾಡ್ರಿ. ಈಗ ಒಂದ ಹೆಸರೈತಿ. ನೀವು ಹೋಗಿ ಬಂದ್ರ ಎರಡಾಗತಾವು,” ಎಂದೆ. ಬೆಲ್ಟು ಸಡಿಲವಾಯಿತು.

ಭಾಗ್ಯಾಳನ್ನು ಎದುರಿಗೇ ಕೂರಿಸಿಕೊಂಡೆ, ಈ ಸಲ ಬೆನ್ನು ಕೊಡಲಿಲ್ಲ.

“ಸುಳ್ಳ ಯಾಕ ಹೇಳಿದಿ?”

“ಎಲ್ಲಾರೂ ನಕ್ಕರು ಆಯಿ.”

“ನಗೂವಂಥಾದ್ದ ಮಾಡಿದ್ದಿ, ನಕ್ಕರು. ನಾನೂ ನಕ್ಕೆ.”

“ನಿನಗೇನು ಗೊತ್ತು! ಹಿಂದ್ಯಾಗ ಅದು ಭಾಳ ಕೆಟ್ಟ ಮಾತು.”

“ಆ ಗಿಟಾರಿನ ಹುಡುಗೂರು ಮೇಲಿನ ಸ್ವರ ಹಾಡತಾರೇನು?”

ಮೂಗು ಒರೆಸಿಕೊಳ್ಳುತ್ತಾ, “ಅವರಿಗೇನು ಬರತೈತಿ, ಕತ್ತೆ ಒದರಿದಂಗ ಒದರತಾರ,” ಎಂದಳು. ಸಿಟ್ಟು ಅಳುವಿಗಿಂತ ಒಳ್ಳೆಯದು. ಹೋಗುತ್ತೀಯೋ ಇಲ್ಲವೋ ಎಂದು ನಾನು ಕೇಳಲಿಲ್ಲ. ಆ ವಯಸ್ಸಿನವರನ್ನು ಕೇಳಿದರೆ ಇಲ್ಲ ಎನ್ನುತ್ತಾರೆ, ಅಂದ ಮೇಲೆ ಅದನ್ನು ಉಳಿಸಿಕೊಳ್ಳಲು ಜೀವ ತೇಯುತ್ತಾರೆ.

ಮರುದಿನ ಬೆಳಿಗ್ಗೆ ಅವಳು ಹೊಟ್ಟೆನೋವು ಎಂದು ಹೇಳಲೋ ಬೇಡವೋ ಎಂಬಂತೆ ಒಂದೇ ಬೂಟು ಹಾಕಿಕೊಂಡು ಕುಳಿತಿದ್ದಳು. ಕೆಳಗೆ ಆಟೋ ಬಂತು. ನಸೀಮ್ ತಲೆಯೆತ್ತಿ ನೋಡಿದಳು, ಯಾವ ಹೆಸರಿನಿಂದ ಕೂಗಬೇಕೆಂದು ತಿಳಿಯದೆ ಸುಮ್ಮನೆ ನಿಂತಳು. ನಾನು ಗ್ಯಾಲರಿಗೆ ಹೋಗಿ, ಓಣಿಗೆಲ್ಲ ಕೇಳುವ ಹಾಗೆ ಕೂಗಿದೆ: “ಏ ನಸೀಮ್, ಆಟೋ ರೋಕೋ! ಚಾಲು ಆ ರಹೀ!”

“ಆಯೀ!” ಎಂದು ಚೀರಿದಳು ಭಾಗ್ಯಾ ಒಳಗಿನಿಂದ. ಕೆಳಗೆ ನಸೀಮ್ ನಗುತ್ತಿದ್ದಳು, ಆಟೋದವನೂ ನಗುತ್ತಿದ್ದ. ಎರಡನೇ ಬೂಟನ್ನು ಅವಳ ಕೈಗೆ, ಚೀಲವನ್ನು ಹೆಗಲಿಗೆ ಕೊಟ್ಟು ಹೊರಗೆ ದಬ್ಬಿದೆ. ಅರ್ಧ ಮೆಟ್ಟಿಲಿಳಿದವಳು ನಿಂತು, ತಿರುಗಿ ನನ್ನ ಮುಖ ನೋಡಿದಳು. ನಾನು ಬಾಗಿಲು ಹಾಕಿ ಚಿಲಕ ಜಡಿದೆ. ಆಟೋ ಹೊರಟ ಸದ್ದು ಕೇಳಿದ ಮೇಲೆಯೇ ತೆಗೆದೆ.