ಹುಣಸೆಬೀಜದ ವಿಮಾನ

ಇಂಥದ್ದನ್ನು ಬೇರೆ ಯಾರಾದರೂ ಹೇಳಿದರೆ ಮೊದಲು ನಗುತ್ತಿದ್ದವನು ನಾನೇ. ದಾವಣಗೆರೆಯ ಶಾಲೆಯೊಂದರಲ್ಲಿ ಭೂಗೋಳ ಕಲಿಸುತ್ತಿದ್ದ ಮೇಷ್ಟ್ರು. ಲೆಕ್ಕಕ್ಕೆ ಸಿಗದ್ದನ್ನು ನಂಬಿದವನಲ್ಲ. ಈಗ ಹೇಳುವುದನ್ನು ನೀವು ನಂಬಲೇಬೇಕೆಂಬ ಹಟವೂ ನನಗಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ಹತ್ತಿ ಮಿಲ್ಲಿನಲ್ಲಿದ್ದ ನನ್ನ ತಮ್ಮ ಚನ್ನಬಸುವನ್ನು ಹೊಸ ಯಂತ್ರದ ಕೆಲಸ ಕಲಿಯಲು ಇಂಗ್ಲೆಂಡಿಗೆ ಕಳಿಸಿದರು. ಹರಿಹರದ ನಮ್ಮ ಮನೆಯಲ್ಲಿ, ಊರಿಗೆ ಹೊರಟವರು ಮುಟ್ಟುವ ತನಕ ಕಸ ಗುಡಿಸುವಂತಿಲ್ಲ. ದಾವಣಗೆರೆಗೆ ಹೋದರೆ ಅರ್ಧ ಗಂಟೆಯ ಮಾತು. ಲಂಡನ್ನಿಗೆ ಹೋದರೆ? ಅವ್ವನಿಗೆ ಹತ್ತು ವರ್ಷದಿಂದ ಕಿವಿ ಪೂರಾ ಹೋಗಿತ್ತು. ಬೆನ್ನ ಹಿಂದೆಯೇ ಲಾರಿ ಹಾರನ್ ಹೊಡೆದರೂ ತಿರುಗುತ್ತಿರಲಿಲ್ಲ. ಏನಿದ್ದರೂ ಕಣ್ಣಿಗೆ ತೋರಿಸಿಯೇ ತಿಳಿಸಬೇಕು.

ಶಾಲೆಯ ಗ್ಲೋಬಿನ ಮೇಲೆ ದಾರ ಹಿಡಿದು ಅಳೆದೆ. ಬೊಂಬಾಯಿಯಿಂದ ಸುಮಾರು ನಾಲ್ಕೂವರೆ ಸಾವಿರ ಮೈಲಿ. ಜೆಟ್ ವಿಮಾನದ ವೇಗದಿಂದ ಭಾಗಿಸಿ, ನಡುವೆ ಇಳಿಯುವ ಹೊತ್ತು ಸೇರಿಸಿದರೆ ಹನ್ನೊಂದು ಗಂಟೆ. ಭಾನುವಾರ ಬೆಳಗಿನ ಐದಕ್ಕೆ ಹೊರಟರೆ ಸಂಜೆ ನಾಲ್ಕಕ್ಕೆ ಮುಟ್ಟಬೇಕು. ದೇವರಮನೆಯಿಂದ ತಲೆಬಾಗಿಲ ತನಕ ನೆಲದ ಹನ್ನೊಂದು ಕಲ್ಲು ಎಣಿಸಿ, ವಿಮಾನವೆಂದು ಒಂದು ಹುಣಸೆಬೀಜ ಇಟ್ಟುಕೊಟ್ಟೆ. ಅವ್ವ ಗಡಿಯಾರ ನೋಡುತ್ತ ಗಂಟೆಗೊಂದು ಕಲ್ಲು ಬೀಜ ಸರಿಸಿದಳು. ಊಟಕ್ಕೂ ಏಳಲಿಲ್ಲ. ನನಗೆ ಒಳಗೊಳಗೇ ನಗು.

ನಾಲ್ಕಕ್ಕೆ ಬೀಜ ಹೊಸ್ತಿಲು ಮುಟ್ಟಿತು. ದೀಪ ಹಚ್ಚುವುದರೊಳಗೆ ಗುಡಿಸಬೇಕೆಂದು ನನ್ನ ಹೆಂಡತಿ ಕಸಬರಿಗೆ ತಂದಳು. ಅಷ್ಟರಲ್ಲಿ ಅವ್ವ ಗಕ್ಕನೆ ಬಾಗಿಲ ಕಡೆ ತಿರುಗಿದಳು. ಬೀದಿಯಲ್ಲಿ ಯಾರೂ ಇರಲಿಲ್ಲ. ನಮಗಿಬ್ಬರಿಗೂ ಏನೂ ಕೇಳಿಸಿರಲಿಲ್ಲ.

“ಗುಡಿಸಬ್ಯಾಡ, ತಡಿ,” ಅಂದಳು. “ಚನ್ನಬಸು ಕೂಗಿದ. ‘ಅವ್ವಾ, ಇನ್ನಾ ಮುಟ್ಟಿಲ್ಲ’ ಅಂದ.”

ಗಡಿಯಾರ ತೋರಿಸಿದೆ, ಬೆರಳು ಮಡಿಸಿ ಎಣಿಸಿದೆ. ಅವಳು ಬೀಜವನ್ನು ಒಂದು ಕಲ್ಲು ಹಿಂದಕ್ಕೆಳೆದು, ಮೇಲೆ ಅಂಗೈ ಮುಚ್ಚಿ ಕೂತುಬಿಟ್ಟಳು. ಅವತ್ತು ಕಸದ ನಡುವೆಯೇ ದೀಪ ಹಚ್ಚಿದೆವು. ಎಷ್ಟು ಸಲ ಭಾಗಿಸಿದರೂ ನನ್ನ ಲೆಕ್ಕ ಸರಿಯೇ ಇತ್ತು. ಆದರೂ ಸೋಮವಾರ ತರಗತಿಯಲ್ಲಿ ಗ್ಲೋಬ್ ಮುಟ್ಟಲು ಹೆದರಿಕೆಯಾಯಿತು. ಮಂಗಳವಾರ ತಂತಿಯವನ ಸೈಕಲ್ ಮನೆಮುಂದೆ ನಿಂತಿತು. ಸಹಿ ಹಾಕಿ ತಂತಿ ಒಡೆದೆ.

ಕ್ಷೇಮವಾಗಿ ಮುಟ್ಟಿದ್ದ, ಆದರೆ ಸೋಮವಾರ. ಆಮೇಲೆ ಬಂದ ಕಾಗದದಲ್ಲಿ ವಿವರವಿತ್ತು. ಭಾನುವಾರ ನಮ್ಮ ನಾಲ್ಕು ಗಂಟೆಯ ಹೊತ್ತಿಗೆ ಲಂಡನ್ನಿನಲ್ಲಿ ಮಂಜು ಕವಿದು ನೆಲವೇ ಕಾಣದೆ, ವಿಮಾನ ಮೇಲೆಯೇ ಸುತ್ತಿ ಸುತ್ತಿ ಬೇರೆ ಊರಿಗೆ ಹೋಗಿ ಇಳಿದಿತ್ತು. ಆಗ ಅವ್ವನನ್ನು ಕೂಗಿದೆಯಾ ಎಂದು ಬರೆದು ಕೇಳಿದೆ. ಇಲ್ಲ, ನನಗೆ ಗಾಢ ನಿದ್ದೆ, ಪಕ್ಕದವರು ಹೇಳಿದ ಮೇಲೆಯೇ ಗೊತ್ತಾದದ್ದು ಎಂದು ಉತ್ತರ ಬರೆದ. ಹಾಗಾದರೆ ಕೂಗಿದ್ದು ಯಾರು? ಇವತ್ತಿಗೂ ನನಗೆ ತಿಳಿದಿಲ್ಲ.

ವರ್ಷದ ಮೇಲೆ ಚನ್ನಬಸು ಊರಿಗೆ ಬಂದ. ಅದೇ ಬಾಗಿಲಲ್ಲಿ ನಿಂತು ಮೂರು ಸಲ “ಅವ್ವಾ” ಎಂದು ಕೂಗಿದ. ನಾನು ಪಕ್ಕದಲ್ಲೇ ಇದ್ದೆ. ಬೆನ್ನು ಹಾಕಿ ಅಕ್ಕಿ ಆರಿಸುತ್ತಿದ್ದ ಅವ್ವ ತಿರುಗಲಿಲ್ಲ. ಕೊನೆಗೆ ಅವನು ಒಳಗೆ ಹೋಗಿ ಹೆಗಲು ಮುಟ್ಟಿದ. ಅವಳು ಬೆಚ್ಚಿ, ಅವನ ಮುಖ ಸವರುತ್ತ ಕೇಳಿದಳು:

“ಯಾವಾಗ ಬಂದ್ಯಪ್ಪಾ? ಬಾಗಿಲಾಗ ನಿಂತು ಒಂದ್ ಸಲ ಕೂಗಬಾರದಾ?”