ಹೆಂಚು ಹೊತ್ತ ಮಣ್ಣಿನ ಗೋಡೆ

ಮೊಮ್ಮಗಳಿಗೆ ಜ್ಞಾನಸ್ನಾನ ಆಯಿತು! ಅದೂ ಅವಳ ತಾಯಿಗೆ ಆದ ಕಡೆಯಲ್ಲೇ, ವಡೋದರಾ ಪಕ್ಕದ ಆ ಪುಟ್ಟ ಕಥೋಲಿಕ ಗುಡಿಯಲ್ಲಿ. ಸಂತೋಷ ಎದೆಯಲ್ಲಿ ಹಿಡಿಸುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಆದರೆ ಬರೆಯಲು ಕೂತರೆ ಮೊದಲು ನೆನಪಾಗುವುದು ಆ ಬಿರುಕು.

ಅರವತ್ತರ ದಶಕ. ಅಲ್ಲೇ ಹತ್ತಿರದ ಕೊಯಾಲಿಯಲ್ಲಿ ಪೆಟ್ರೋಲ್ ಶುದ್ಧಮಾಡುವ ಕಾರ್ಖಾನೆ ಏಳುತ್ತಿತ್ತು. ಮೈಸೂರು ಕಡೆಯಿಂದ ಗಾರೆ ಕೆಲಸಕ್ಕೆ ಹೋದವನು ನಾನು. ಭಾನುವಾರ ಹೆಂಡತಿಯ ಜೊತೆ ಹೊಲಗಳ ನಡುವಿನ ಆ ಗುಡಿಗೆ ನಡೆಯುತ್ತಿದ್ದೆ. ಅಲ್ಲಿ ಜಪ ಹೇಳಿಸುವ ಉಪದೇಶಿಯ ತಂದೆ ಮಣ್ಣು ತುಳಿದು ಕಟ್ಟಿದ್ದು. ಮೊಳದಗಲದ ಗೋಡೆ, ಮೇಲೆ ಹುಲ್ಲು, ಪೂರ್ವಕ್ಕೊಂದು ಕಿಟಕಿ, ಬಾಗಿಲ ಮೇಲೆ ಮರದ ಶಿಲುಬೆ. ಇಷ್ಟೇ.

ಹುಲ್ಲು ಸೋರುತ್ತಿತ್ತು. "ಮಂಗಳೂರು ಹೆಂಚು ಹೊದಿಸಿ, ನಮ್ಮೂರ ಗುಡಿ ಥರ ಲಕ್ಷಣವಾಗಿರುತ್ತೆ" ಎಂದವನು ನಾನೇ. ಹೊದಿಸಿದವನೂ ನಾನೇ. ಹುಲ್ಲು ಹೊತ್ತ ಗೋಡೆ ಹೆಂಚನ್ನು ಹೊರುತ್ತದೆಯೇ ಎಂದು ಯೋಚಿಸಲಿಲ್ಲ.

ಮಳೆ ಹಿಡಿಯಿತು. ಕಿಟಕಿಯ ಮೂಲೆಯಿಂದ ಬಿರುಕು ಹೊರಟಿತು. ಅದಕ್ಕೆ ಅಡ್ಡವಾಗಿ ಸುಣ್ಣದ ಪಟ್ಟಿ ಬಳಿದೆ. ಗೋಡೆ ಸರಿದರೆ ಪಟ್ಟಿ ಸೀಳುತ್ತದೆ. ಮುಂದಿನ ಭಾನುವಾರ ಸೀಳಿತ್ತು. ಮತ್ತೆ ಬಳಿದೆ. ಮತ್ತೆ ಸೀಳಿತು. ಯಾರಿಗೂ ಹೇಳಲಿಲ್ಲ, ನಾಚಿಕೆ. ಎಲ್ಲರೂ ಹಾಡುತ್ತಿದ್ದರೆ ನನಗೆ ಮಣ್ಣು ಉದುರುವ ಸದ್ದೇ ಕೇಳುತ್ತಿತ್ತು.

ಮಗಳ ಜ್ಞಾನಸ್ನಾನದ ದಿನ ಪಾದ್ರಿ ಸ್ವಾಮಿಗಳು ಸೈಕಲ್ಲಿನಲ್ಲಿ ಬಂದರು. ನಾನು ಮೊದಲು ಒಳಗೆ ಹೋಗಿ ನೋಡಿದೆ. ಬಿರುಕಿನೊಳಗೆ ನನ್ನ ಬೆರಳು ಹೋಯಿತು. ಹೊರಗೆ ಬಂದು ಬಾಗಿಲಿಗೆ ಅಡ್ಡ ನಿಂತು, ಗೋಡೆ ಬೀಳಬಹುದು, ಯಾರೂ ಒಳಗೆ ಹೋಗಬೇಡಿ ಎಂದೆ.

ಗಾರೆಯವನನ್ನು ಅಲ್ಲಿ ಕಡಿಯಾ ಅನ್ನುತ್ತಾರೆ. "ಕಡಿಯಾಭಾಯಿ, ಇದು ನನ್ನ ಬಾಪು ತುಳಿದ ಮಣ್ಣು," ಎಂದು ಉಪದೇಶಿ ಹಿಂದಿಯಲ್ಲಿ ಹೇಳಿ ನಕ್ಕರು. "ನಿನಗಿಂತ ಮೊದಲು ಬೀಳಲ್ಲ ಬಿಡು."

"ಏನ್ರೀ ಇದು, ಒಳ್ಳೇ ದಿನ ಮಗೂನ ಹೊರಗೆ ನಿಲ್ಲಿಸ್ಕೊಂಡು!" ಎಂದಳು ಹೆಂಡತಿ.

"ತಪ್ಪು ನಂದು ಕಣೇ. ಹೆಂಚಿನ ಭಾರಕ್ಕೆ ಗೋಡೆ ಕುಸೀತಾ ಇದೆ. ಗೊತ್ತಿದ್ದೂ ಬಾಯಿ ಬಿಡ್ಲಿಲ್ಲ." ಅದನ್ನೇ ಹಿಂದಿಯಲ್ಲಿ ಸ್ವಾಮಿಗಳಿಗೂ ಹೇಳಿದೆ.

ಉಪದೇಶಿಯ ನಗು ನಿಂತಿತು. ಸ್ವಾಮಿಗಳು ನೀರಿನ ಪಾತ್ರೆಯನ್ನು ಬೇವಿನ ಮರದ ಕೆಳಗೆ ಇಡಿಸಿದರು. ಮಗುವಿನ ನೆತ್ತಿಗೆ ನೀರು ಬಿತ್ತು, ಮಗು ಕಿರುಚಿತು. ಹಿಂದೆಯೇ ಗುಡಿಯೊಳಗೆ ಒಂದು ಹೆಂಚು ಬಿತ್ತು. ಇನ್ನೊಂದು. ಆಮೇಲೆ ಕಿಟಕಿಯ ಗೋಡೆ ಪೂರಾ ಒಳಕ್ಕೆ ಬಿತ್ತು, ನಾವು ನಿಲ್ಲಬೇಕಿದ್ದ ಜಾಗಕ್ಕೆ.

ಉಪದೇಶಿ ನನ್ನನ್ನು ಬೈಯಲಿಲ್ಲ. ತಂದೆಯ ಮಣ್ಣನ್ನು ಕೈಯಲ್ಲಿ ಹಿಡಿದು ಕೂತರು. ಅದೇ ಹೆಚ್ಚು ಚುಚ್ಚಿತು. ಮುಂದಿನ ಒಂದು ವರ್ಷ ಭಾನುವಾರವೆಲ್ಲ ಇಟ್ಟಿಗೆ ಕಂಬ ಎಬ್ಬಿಸಿದೆ, ಬಿದ್ದ ಗೋಡೆಯನ್ನು ಮತ್ತೆ ಕಟ್ಟಿದೆ. ಈಗ ಹೆಂಚಿನ ಭಾರ ಕಂಬಗಳ ಮೇಲೆ. ಉಳಿದ ಮೂರು ಮಣ್ಣಿನ ಗೋಡೆಗಳನ್ನು ಮುಟ್ಟಲಿಲ್ಲ.

ಮೊನ್ನೆ ಎಲ್ಲರೂ ಮೊಮ್ಮಗಳನ್ನು ನೋಡುತ್ತಿದ್ದರು. ನಾನು ಮೊದಲು ಗೋಡೆಗೆ ಅಂಗೈ ಒತ್ತಿದೆ. ಒಣಗಿತ್ತು, ಬಿರುಕಿರಲಿಲ್ಲ. ಆಮೇಲೆ ಎಷ್ಟು ಜೋರಾಗಿ ಹಾಡಿದೆನೆಂದರೆ, "ಅಪ್ಪಾ, ಮೆಲ್ಲಗೆ! ಮಗು ಎದ್ದುಬಿಡುತ್ತೆ" ಎಂದು ಮಗಳೇ ಗದರಿದಳು.